ಇಸ್ಮಾಯಿಲನ ಶೇರವಾನಿ, ನನ್ನ ಹೆಬ್ಬೆರಳು

ಹೋದ ತಿಂಗಳು ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ಬಂದು ಕೂತ. ಒಂದು ಕಾಲಿನ ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕಾಲಿನದು ಕೈಯಲ್ಲಿತ್ತು. ಯಾರಾದರೂ ಹತ್ತಿರ ಹಾದುಹೋದರೆ ಬರಿಗಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳುತ್ತಿದ್ದ, ಅವರು ದಾಟಿದ ಮೇಲೆ ಮೆಲ್ಲಗೆ ಹೊರಗೆ ಬಿಡುತ್ತಿದ್ದ. ನಾನು ಅವನ ಮುಖ ನೋಡಲಿಲ್ಲ, ಹೆಬ್ಬೆರಳಿನ ಬುಡ ನೋಡಿದೆ. ಕೆಂಪಗೆ ಊದಿ ಮಿರಮಿರ ಮಿಂಚುತ್ತಿತ್ತು.

"ಚಾದರ ತಾಕಿದ್ರೂ ತ್ರಾಸ ಆಗ್ತದೇನ್ರಿ?" ಎಂದು ಕೇಳಿದೆ.

ಆತ ಬೆಚ್ಚಿ ನೋಡಿದ. "ನಿಮಗ ಹ್ಯಾಂಗ ಗೊತ್ತಾತ್ರಿ?"

"ಮನ್ಯಾಗ ಏನಂತಾರ? ಏನೋ ತುಳದಿ ಅಂತಾರಿಲ್ಲ?"

ಆತನ ಕಣ್ಣಲ್ಲಿ ನೀರು ತುಂಬಿತು. "ಅಮಾಸಿ ದಿನ ಹಾದ್ಯಾಗ ದೃಷ್ಟಿ ಇಳಿ ತಗದ ನಿಂಬಿಹಣ್ಣು ತುಳದೀನಂತರಿ. ನನಗರೆ ನೆನಪೂ ಇಲ್ಲ."

ಒಳಗಿನಿಂದ ಅವನ ಹೆಸರು ಕರೆಯುವಷ್ಟರಲ್ಲಿ ನನ್ನ ಕಥೆ ಅರ್ಧ ಹೇಳಿದ್ದೆ. ಉಳಿದರ್ಧ ಅವನಿಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಡಾಕ್ಟರರ ಪುಸ್ತಕದಲ್ಲಿ ಈ ರೋಗದ ಬಗ್ಗೆ ಏನೇನಿದೆಯೋ ನನಗೆ ಗೊತ್ತಿಲ್ಲ. ನಾನು ದರ್ಜಿ. ನನಗೆ ಗೊತ್ತಿರುವುದು ಒಂದು ಹೆಬ್ಬೆರಳು ಮತ್ತು ಒಂದು ಶೇರವಾನಿ.

ನನ್ನ ಹೆಸರು ಹಣಮಂತ. ಹುಟ್ಟಿದ್ದು ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟಕ್ಕೆ ಹತ್ತಿಕೊಂಡ ಮನೆಯಲ್ಲಿ. ಕಸುಬು ಕಲಿತದ್ದು ಕಲಬುರಗಿಯ ಮೋಮಿನಪುರದಲ್ಲಿ, ಒಬ್ಬ ಮುಸಲ್ಮಾನ ಉಸ್ತಾದರ ಕೈಕೆಳಗೆ. ಅವರ ಮನೆಯ ಊಟವನ್ನೇ ಉಂಡು ಬೆಳೆದವನು. ಅವರು ತೀರಿಕೊಂಡ ಮೇಲೆ ಅದೇ ಓಣಿಯಲ್ಲಿ ಮಳಿಗೆ ಹಿಡಿದು ಮಷಿನ್ ಹಾಕಿದೆ. ಹಿಂದಿನ ಕೋಣೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಭೀಮಬಾಯಿ. ಕಾಲಿನಿಂದ ತುಳಿಯುವ ಮಷಿನ್ ಅದು. ದರ್ಜಿಗೆ ಕೈಯೇ ಬಂಡವಾಳ ಎಂದು ಜನ ತಿಳಿದಿರುತ್ತಾರೆ. ಕೈ ಸ್ವಲ್ಪ ನಡುಗಿದರೂ ಹೇಗೋ ನಡೆಯುತ್ತದೆ. ಕಾಲು ನಿಂತರೆ ಒಲೆ ನಿಲ್ಲುತ್ತದೆ.

ಪೊಲೀಸ್ ಆಕ್ಷನ್ ಆದ ಮೇಲೆ ಅಂಗಡಿಗೆ ವಿಚಿತ್ರ ಕೆಲಸ ಬರತೊಡಗಿತು. ಸಂಸ್ಥಾನದ ಸರ್ಕಾರ ಹೋಗಿ ಹಿಂದೂಸ್ತಾನದ ಫೌಜು ಬಂದಿತ್ತು. ಹಳೆಯ ಸರ್ಕಾರದವರ ಗುರುತಾಗಿದ್ದ ಶೇರವಾನಿ ತೊಟ್ಟು ಜಗತ್ ಚೌಕದ ಕಡೆಗೆ ಹೋಗಲು ಮಂದಿ ಅಂಜುತ್ತಿದ್ದರು. ಕಚೇರಿಯವರು, ಸಾಲಿ ಮಾಸ್ತರರು ಶೇರವಾನಿಗಳನ್ನು ಗಂಟು ಕಟ್ಟಿ ತಂದು, ಅರ್ಧಕ್ಕೆ ಕತ್ತರಿಸಿ ಕೋಟು ಮಾಡಿಕೊಡು ಎನ್ನುತ್ತಿದ್ದರು. ಹಿಂದೂಗಳೂ ತರುತ್ತಿದ್ದರು, ಮುಸಲ್ಮಾನರೂ ತರುತ್ತಿದ್ದರು. ಕೆಲವರು ತಂದುಕೊಟ್ಟು ಹೋದವರು ಮತ್ತೆ ಬರಲೇ ಇಲ್ಲ. ಕತ್ತರಿಸಿದ ಕೆಳಗಿನ ತುಂಡುಗಳನ್ನು ಮೂಲೆಗೆ ಹಾಕುತ್ತಿದ್ದೆ. ಸಂಜೆ ದೀಪ ಹಚ್ಚಿ ಅತ್ತ ನೋಡಿದರೆ ಯಾರೋ ಒಂದಿಷ್ಟು ಜನ ಬೆನ್ನು ಮಾಡಿ ಕೂತ ಹಾಗೆ ಕಾಣುತ್ತಿತ್ತು. ಭೀಮಬಾಯಿ ಅದರ ಮೇಲೆ ಗೋಣಿಚೀಲ ಮುಚ್ಚಿಯೇ ಒಳಗೆ ಹೋಗುತ್ತಿದ್ದಳು.

ಊರೆಲ್ಲ ಶೇರವಾನಿ ಕತ್ತರಿಸುತ್ತಿದ್ದಾಗ ಒಬ್ಬರು ಮಾತ್ರ ಹೊಸದನ್ನು ಹೊಲಿದುಕೊಡು ಎನ್ನುತ್ತಿದ್ದರು. ಅವರು ಪಕ್ಕದ ಓಣಿಯ ಜೈನಬ್ ಖಾಲಾ, ಎಲ್ಲರಿಗೂ ಚಿಕ್ಕಮ್ಮ. ಗಂಡ ಸತ್ತು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಇಸ್ಮಾಯಿಲ. ಅವನ ನಿಕಾಹ್ ಗೊತ್ತಾಗಿತ್ತು, ಕಮಲಾಪುರದ ಹುಡುಗಿ. ಗಲಾಟೆಗೆ ಮುಂಚೆಯೇ ಕೆನೆಬಣ್ಣದ ಬಟ್ಟೆ ಕೊಟ್ಟು ಅಳತೆ ಕೊಡಿಸಿದ್ದರು. ಆಮೇಲೆ ಗದ್ದಲ ಎದ್ದಿತು. ಹುಡುಗಿಯ ಮನೆಯವರು ಹೇಗಿದ್ದಾರೋ ನೋಡಿಬರುತ್ತೇನೆಂದು ಇಸ್ಮಾಯಿಲ ಸೈಕಲ್ ಹತ್ತಿ ಕಮಲಾಪುರದ ಹಾದಿ ಹಿಡಿದ. ಹುಡುಗಿಯ ಮನೆಯವರು ಕ್ಷೇಮವಾಗಿದ್ದರು. ಇವನು ಅಲ್ಲಿಗೆ ಮುಟ್ಟಲೇ ಇಲ್ಲ. ತಿರುಗಿಯೂ ಬರಲಿಲ್ಲ.

ಓಣಿಯವರೆಲ್ಲ ಏನಾಗಿರಬಹುದೆಂದು ತಿಳಿದುಕೊಂಡು ಸುಮ್ಮನಾದರು. ಖಾಲಾ ಮಾತ್ರ ವಾರಕ್ಕೊಮ್ಮೆ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು.

"ಎಲ್ಲಿಗಿ ಬಂತು ಬೇಟಾ, ಶೇರವಾನಿ? ಅವ ಬಂದ್ರ ಏನ್ ಹಾಕ್ಕೋಬೇಕು?"

"ಟ್ರಯಲ್ ಆಗಬೇಕಲ್ರಿ ಖಾಲಾ," ಎಂದೆ. ತಪ್ಪಿಸಿಕೊಳ್ಳುವ ಮಾತೇ, ಆದರೆ ಸುಳ್ಳಲ್ಲ. ಕಚ್ಚಾ ಹೊಲಿಗೆ ಹಾಕಿದ ಬಟ್ಟೆಯನ್ನು ಗಿರಾಕಿಯ ಮೈಮೇಲೆ ಒಮ್ಮೆ ನೋಡದೆ ಪಕ್ಕಾ ಹೊಲಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಖಾಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವ ನಿನ್ನಷ್ಟೇ ಎತ್ತರ ಇದ್ದಾನ. ಹೆಗಲೂ ಅಷ್ಟೇ. ನೀನೇ ಹಾಕ್ಕೊಂಡು ತೋರ್ಸು."

ಗಿರಾಕಿಯ ಅಪೂರ್ಣ ಬಟ್ಟೆಯನ್ನು ದರ್ಜಿ ತಾನು ತೊಡಬಾರದು ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ಅಂಥ ಬಟ್ಟೆ ತನ್ನ ಒಡೆಯನನ್ನು ಕಾಯುತ್ತಿರುತ್ತದೆ, ನಡುವೆ ನೀ ಹೊಕ್ಕರೆ ನಿನ್ನನ್ನೇ ಅವನೆಂದು ತಿಳಿಯುತ್ತದೆ ಎನ್ನುತ್ತಿದ್ದರು. ಕಲಿಯುವವರು ಬಟ್ಟೆ ಹೊಲಸು ಮಾಡಬಾರದೆಂದು ಹಾಗೆ ಅಂಜಿಸುತ್ತಾರೆ ಎಂದು ನಾನು ನಗುತ್ತಿದ್ದೆ. ಆ ದಿನ ಖಾಲಾರ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ತೊಟ್ಟೆ.

ಅವರು ಎದ್ದು ಬಂದು ತೋಳು ಎಳೆದು ನೋಡಿದರು, ಕೊರಳ ಪಟ್ಟಿ ಸರಿಪಡಿಸಿದರು. "ಹಿಂದಕ್ಕ ತಿರುಗು," ಎಂದರು. ತಿರುಗಿ ಕನ್ನಡಿಯ ಕಡೆ ನಿಂತೆ. ಬೆನ್ನ ಮೇಲೆ ಅವರ ಅಂಗೈ ಇತ್ತು. ಆಮೇಲೆ ಅವರು ಮೆಲ್ಲಗೆ, ಒಳಕೋಣೆಯಲ್ಲಿರುವವನನ್ನು ಊಟಕ್ಕೆ ಕರೆದ ಹಾಗೆ, "ಇಸ್ಮಾಯಿಲ" ಎಂದರು. ನಾನು ತಿರುಗಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಶೇರವಾನಿಯ ಮೇಲಿತ್ತು.

ಅಂದು ಸಂಜೆ ಅವರ ಮನೆಯಿಂದ ಒಂದು ತಪೇಲಿ ಪಾಯಾ ಬಂತು. ಪಾಯಾ ಅಂದರೆ ಕುರಿಯ ಕಾಲುಗಳನ್ನು ತಾಸುಗಟ್ಟಲೆ ಕುದಿಸಿದ ಸಾರು. ಬೆರಳಿಗೆ ಬೆರಳು ಅಂಟುವಷ್ಟು ಗಟ್ಟಿ. ಮಗನಿಗೆ ಬಹಳ ಸೇರುತ್ತಿತ್ತಂತೆ. ಭೀಮಬಾಯಿ ಅದನ್ನು ಮುಟ್ಟುವವಳಲ್ಲ. ಇಡೀ ತಪೇಲಿಯನ್ನು ನಾನೇ ರೊಟ್ಟಿ ಮುರಿದು ಹಾಕಿಕೊಂಡು ಉಂಡೆ.

ಬೆಳಗಿನ ಜಾವ ಎಚ್ಚರವಾಯಿತು. ಯಾರೋ ನನ್ನ ಬಲಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದರು.

ಇದು ಅಲಂಕಾರಕ್ಕೆ ಬರೆದದ್ದಲ್ಲ. ಈ ರೋಗ ಬಂದವರಿಗೆ ಗೊತ್ತು, ಅದು ನೋವಿನ ಹಾಗೆ ಬರುವುದಿಲ್ಲ, ಹಿಡಿತದ ಹಾಗೆ ಬರುತ್ತದೆ. ಮೊದಲು ಮೆತ್ತಗೆ ಹಿಡಿದಂತೆ, ಆಮೇಲೆ ಬಿಗಿದಂತೆ, ಆಮೇಲೆ ತಿರುವಿದಂತೆ. ಭೀಮಬಾಯಿಯೇ ಹಿಡಿದಿದ್ದಾಳೆಂದು "ಬಿಡು" ಎಂದು ಗದರಿದೆ. ಆಕೆ ಕೋಣೆಯ ಆ ತುದಿಯಲ್ಲಿ ಮಲಗಿದ್ದಳು. ದೀಪ ಹಚ್ಚಿ ನೋಡಿದರೆ ಕಾಲ ಬಳಿ ಯಾರೂ ಇಲ್ಲ, ಬೆರಳು ಮಾತ್ರ ಬದನೆಕಾಯಿಯಂತೆ ಬಾತಿತ್ತು. ಚಾದರದ ಅಂಚು ತಾಗಿದ್ದಕ್ಕೆ ಚೀರಿದೆ. ಹೊರಗೆ ಟಾಂಗಾ ಹೋದರೆ ನೆಲದ ಅದುರು ಬೆರಳಿಗೆ ಬಡಿಯುತ್ತಿತ್ತು.

ಸುದ್ದಿ ಕೇಳಿ ಖಾಲಾ ಬಂದರು. ಕಾಲಿನ ಬೇನೆಗೆ ನಮ್ಮ ಓಣಿಯಲ್ಲಿ ಒಂದೇ ಮದ್ದು: ಕುರಿಯ ಕಾಲಿನ ಶಕ್ತಿ ಮನುಷ್ಯನ ಕಾಲಿಗೆ ಬರುತ್ತದೆ ಎಂದು ಪಾಯಾ ಕುಡಿಸುವುದು. ಮತ್ತೊಂದು ತಪೇಲಿ ಬಂತು. ಅದರ ಮೇಲೆ ಇನ್ನೊಂದು. ಮಂದಿ ಬಂದು ತಲೆಗೊಂದು ಮಾತು ಹೇಳಿ ಹೋದರು. ಉಳುಕು ಎಂದರು, ಚೇಳು ಎಂದರು, ಹಿಟ್ಟು ಕಟ್ಟು ಎಂದರು. ಬಂದವರೆಲ್ಲ ಬೆರಳು ಒತ್ತಿ ನೋಡಿಯೇ ಸಲಹೆ ಕೊಡುವವರು. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬೆರಳನ್ನೂ ಮಷಿನ್ನಿನ ಸೂಜಿಯ ಕೆಳಗೆ ಇಡಬೇಕೆನ್ನಿಸುತ್ತಿತ್ತು.

ಆ ಸಲ ಬಹಳ ದಿನ ಕಾಡಿತು. ಆಮೇಲೆ ತಾನಾಗಿಯೇ ಇಳಿಯಿತು, ಚರ್ಮ ಸುಲಿದು ಬೆರಳು ಮೊದಲಿನಂತಾಯಿತು. ಇದೇ ಈ ರೋಗದ ಮೋಸ. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಹೋಗುವ ಹೊತ್ತಿಗೆ ನೀವು ಏನು ಮಾಡುತ್ತಿದ್ದಿರೋ ಅದಕ್ಕೆ ಹೆಸರು ಬರುತ್ತದೆ. ನನಗೆ ಹೋಗುವ ಹೊತ್ತಿಗೆ ಶೇರವಾನಿಯನ್ನು ಮಡಿಚಿ ಹಲಗೆಯ ಮೇಲಿಟ್ಟಿದ್ದೆ.

ಕಾಲು ಆರಾಮಾದ ಮೇಲೆ ಅದನ್ನು ಮತ್ತೆ ತೆಗೆದೆ. ನಾಳೆಯಿಂದ ತೋಳಿಗೆ ಪಕ್ಕಾ ಹೊಲಿಗೆ ಹಾಕುತ್ತೇನೆ ಎಂದು ಖಾಲಾರಿಗೆ ಹೇಳಿದೆ. ಅವರು ಸಂತೋಷಪಟ್ಟು, ಕಾಲಿಗೆ ಬಲ ಬರಲಿ ಎಂದು ತಪೇಲಿ ಕಳಿಸಿದರು. ಬೆಳಗಾಗುವ ಮೊದಲು ಬೆರಳನ್ನು ಮತ್ತೆ ಯಾರೋ ಹಿಡಿದರು.

ಮೂರನೆಯ ಸಲವೂ ಹಾಗೇ ಆದಾಗ ಭೀಮಬಾಯಿ ಒಲೆಯ ಮುಂದೆ ಕೂತು ಅತ್ತಳು.

"ನಿಮಗ ತಿಳಿಯಾಕತ್ತಿಲ್ಲೇನ್ರಿ? ಉಳಕಿ ಎಲ್ಲಾ ಬಟ್ಟಿ ಹೊಲಿತೀರಿ, ಏನೂ ಆಗೂದಿಲ್ಲ. ಅದೊಂದು ತಗದ್ರ ಸಾಕು, ನಿಮ್ಮ ಕಾಲು ಹಿಡಿತಾನ. ಅವಗ ಅದು ಪೂರಾ ಆಗೂದು ಬ್ಯಾಡಾಗ್ಯಾದ."

"ಯಾರು ಹಿಡಿತಾನ?"

"ಹೆಸರು ನನ್ನ ಬಾಯಿಲೆ ಹೇಳಸಬ್ಯಾಡ್ರಿ."

ನಾನು ಗದರಿದೆ. ಆದರೆ ಆ ದಿನದಿಂದ ನಾನೂ ಗೋಡೆಯ ಕಡೆ ನೋಡತೊಡಗಿದೆ. ಶೇರವಾನಿಯನ್ನು ಗೂಟಕ್ಕೆ ತೂಗಹಾಕಿದ್ದೆ. ಗುಂಡಿ ಇನ್ನೂ ಹಚ್ಚಿರಲಿಲ್ಲ, ಎದೆ ಎರಡು ಕಡೆಗೆ ತೆರೆದುಕೊಂಡಿತ್ತು. ಗಾಳಿ ಇಲ್ಲದ ಮಧ್ಯಾಹ್ನ ಒಂದು ಸಲ ಅದರ ಬಲದೋಳು ಮೆಲ್ಲಗೆ ಸ್ವಲ್ಪ ಸರಿದದ್ದನ್ನು ನೋಡಿದೆ. ಕಚ್ಚಾ ಹೊಲಿಗೆಯ ದಾರ ಸಡಿಲಾಗಿ ತೋಳು ಇಳಿದಿರಬೇಕು. ಹಾಗೆಂದು ನನಗೆ ನಾನೇ ಹೇಳಿಕೊಂಡು, ಮುಂದಿನ ಕೆಲಸಕ್ಕೆ ಮಷಿನ್ನನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡೆ.

ನೋವಿದ್ದ ದಿನಗಳಲ್ಲಿ ಖಾಲಾ ಬಂದು ನನ್ನ ಕಾಲ ಬಳಿ ಕೂಡುತ್ತಿದ್ದರು. ಅಷ್ಟು ಜನರಲ್ಲಿ ಬೆರಳನ್ನು ಒತ್ತದಿದ್ದವರು ಅವರೊಬ್ಬರೇ. ಅಂಗೈಯನ್ನು ಬೆರಳಿನ ಮೇಲೆ, ತಾಗದ ಹಾಗೆ ಹಿಡಿದು ತುಟಿಯಲ್ಲೇ ಏನೋ ಹೇಳುತ್ತಿದ್ದರು. ದುವಾ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ನಿಜಕ್ಕೂ ಆ ಹೊತ್ತು ಸ್ವಲ್ಪ ತಂಪಾಗುತ್ತಿತ್ತು.

ಭೀಮಬಾಯಿ ಹೇಳಿಕಳಿಸಿ, ಅವ್ವ ನನ್ನನ್ನು ಕಮಲಾಪುರಕ್ಕೆ ಕರೆಸಿಕೊಂಡಳು. ಹೊರಡುವ ದಿನ ಖಾಲಾ ಮೋಟಾರು ನಿಲ್ಲುವ ಕಡೆಗೆ ಬಂದರು. ಕಿಟಕಿಯ ಕಡೆ ಕೂಡು ಎಂದು ಜಾಗ ಹಿಡಿಸಿದರು.

"ಹಾದ್ಯಾಗ ನೋಡಕೋತ ಹೋಗು ಬೇಟಾ. ಎರಡೂ ಕಡೆ ನೋಡು."

ನೋಡುತ್ತಲೇ ಹೋದೆ. ಅರ್ಧ ಹಾದಿಯಲ್ಲಿ ಮೋಟಾರು ಕಾದು ಹೊಗೆ ಬಂತು. ಡ್ರೈವರ್ ಡಬ್ಬ ಹಿಡಿದು ಹಾದಿಬದಿಯ ಬಾವಿಯ ಕಡೆ ನಡೆದ. ಮೋಟಾರಿನಲ್ಲಿ ಕೂತಿದ್ದ ಮುದುಕನೊಬ್ಬ ತಲೆ ಹೊರಗೆ ಹಾಕಿ, "ತಮ್ಮಾ, ಆ ಬಾವೀದು ಬ್ಯಾಡ," ಎಂದ. ಡ್ರೈವರ್ ಯಾಕೆಂದು ಕೇಳಲಿಲ್ಲ. ನಿಂತಲ್ಲಿಂದಲೇ ಹಿಂದಿರುಗಿ, ಖಾಲಿ ಡಬ್ಬ ಇಟ್ಟು, ಇಂಜಿನ್ ತಣ್ಣಗಾಗುವವರೆಗೆ ಕಾದ. ಮೋಟಾರಿನ ತುಂಬ ಜನ ಇದ್ದರು, ಒಂದು ಕೂಸು ಸಹ ಸಪ್ಪಳ ಮಾಡಲಿಲ್ಲ. ಬಾವಿಯ ಕಟ್ಟೆಯ ಮೇಲೆ ಹುಲ್ಲು ಬೆಳೆದಿತ್ತು, ರಾಟಿಗೆ ಹಗ್ಗ ಇರಲಿಲ್ಲ. ನನ್ನ ಬೆರಳು ನಾಡಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಎರಡೂ ಕಡೆ ನೋಡು ಎಂದಿದ್ದರು ಖಾಲಾ. ನಾನು ಆ ಕಡೆಯಿಂದ ಕಣ್ಣು ತೆಗೆದೆ.

ಮನೆಯಲ್ಲಿ ಇಸ್ಮಾಯಿಲನ ಹೆಸರು ಎತ್ತಿದಾಗ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಹಾದೀ ಮ್ಯಾಗಿನ ಮಾತು ಮನ್ಯಾಗ ತರಬ್ಯಾಡಪಾ," ಎಂದಳು. ಅಷ್ಟೇ. ತಮ್ಮ ಎದ್ದು ತೋಟಕ್ಕೆ ಹೋದ.

ಮರುದಿನ ಕಾಳು ನೋಡಿ ಹೇಳಿಕೆ ಹೇಳುವ ಮುದುಕಿಯನ್ನು ಅವ್ವ ಕರೆತಂದಳು. ಆಕೆ ಮೊರದಲ್ಲಿ ಜೋಳ ಹರವಿ ಬಹಳ ಹೊತ್ತು ಬೆರಳಾಡಿಸಿದಳು. ನನ್ನ ಕಾಲಿನ ಕಡೆ ನೋಡಲೇ ಇಲ್ಲ.

"ಗುಂಡಿ ಇಲ್ಲದ ಅಂಗಿ ಒಂದದ," ಎಂದಳು. "ಅದರಾಗ ಒಬ್ಬ ನಿಂತಾನ. ಅವಗ ಹೊರಗ ಬರಾಕ ಆಗವಲ್ದು."

ನಾನು ಚಾಚಿದ್ದ ಕಾಲನ್ನು ಎಳೆದುಕೊಂಡೆ. ಶೇರವಾನಿಯ ಸುದ್ದಿ ಅವ್ವನಿಗೆ ತಿಳಿದಿತ್ತು. ಗುಂಡಿಯ ವಿಷಯವನ್ನು ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಆ ಮುದುಕಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಅಂಗಿಯನ್ನು ಅದರ ಮನೆಗೆ ತಿರುಗಿ ಕೊಟ್ಟುಬಿಡಬೇಕು ಎಂದು ತೀರ್ಪಾಯಿತು. ಅವ್ವ ನನ್ನಿಂದ ಮಾತು ತೆಗೆದುಕೊಂಡಳು. ಅಲ್ಲಿದ್ದಷ್ಟು ದಿನ ರೊಟ್ಟಿ, ಸಾರು, ಹಾಲು, ಬಾಳೆಹಣ್ಣು. ಕಾಲು ಎಷ್ಟು ಹಗುರಾಯಿತೆಂದರೆ ತೋಟದ ಬದುವಿನ ಮೇಲೆ ಓಡಾಡಿದೆ. ಶೇರವಾನಿಯಿಂದ ದೂರ ಇದ್ದರೆ ಆರಾಮ. ಇನ್ನೇನು ಸಾಕ್ಷಿ ಬೇಕು? ನಾನು ನಂಬಿಬಿಟ್ಟೆ. ನಗುವವರು ನಗಲಿ, ಆ ನೋವು ಒಂದು ಸಲ ಅವರ ಬೆರಳಿಗೂ ಬಂದುಹೋದ ಮೇಲೆ ನಗಲಿ.

ಕಲಬುರಗಿಗೆ ಬಂದು ಶೇರವಾನಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಖಾಲಾರ ಮನೆಗೆ ಹೋದೆ. ಗಂಟು ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಪೂರಾ ಆತೇನು?"

"ಇಲ್ರಿ ಖಾಲಾ. ನನ್ನ ಕೈಲೆ ಆಗೂದಿಲ್ಲ. ಬ್ಯಾರೆ ದರ್ಜಿಗೆ ಕೊಡ್ರಿ."

ಅವರು ಗಂಟನ್ನು ಮುಟ್ಟಲಿಲ್ಲ. "ಬ್ಯಾರೆಯವ್ರ ಹತ್ರ ಅವನ ಅಳತಿ ಇಲ್ಲ," ಎಂದರು. "ಬಿಳಿ ಬಟ್ಟ್ಯಾಗ ಸುತ್ತಿ ತಂದೀ ಬೇಟಾ. ಹಂಗ ಸುತ್ತಿ ಏನ್ ತರ್ತಾರ, ನಿನಗ ಗೊತ್ತಿಲ್ಲೇನು? ನಾ ಇದನ್ನ ಒಳಗ ಹ್ಯಾಂಗ ತಗೊಳ್ಳಿ?"

ಆ ಮಾತಿನ ಮುಂದೆ ಅವ್ವನಿಗೆ ಕೊಟ್ಟ ಮಾತು ನಿಲ್ಲಲಿಲ್ಲ. ಪೂರ್ತಿ ಮಾಡಿಯೇ ಕೊಡುತ್ತೇನೆ ಎಂದು ಎದ್ದೆ. ಸಂಜೆ ತಪೇಲಿ ಬಂತು.

ಈ ಸಲ ಬೆರಳಷ್ಟೇ ಅಲ್ಲ, ಪಾದವೆಲ್ಲ ಊದಿತು. ಜ್ವರ ಏರಿತು. ಜ್ವರದಲ್ಲಿ ಕಣ್ಣು ಬಿಟ್ಟಾಗಲೆಲ್ಲ ಗೋಡೆಯ ಮೇಲಿನ ಶೇರವಾನಿ ಕೆಳಗೆ ಇಳಿದು ನನ್ನ ಕಾಲ ಬಳಿ ಕೂತಿರುತ್ತಿತ್ತು. ಕೊರಳ ಪಟ್ಟಿಯ ಮೇಲೆ ಮುಖ ಇರುತ್ತಿರಲಿಲ್ಲ. ಪಾದ ಕೊಳೆತರೆ ಕಡಿಯಬೇಕಾದೀತು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅದನ್ನು ಕೇಳಿ ಭೀಮಬಾಯಿ ಟಾಂಗಾ ತರಿಸಿ ಸರ್ಕಾರಿ ದವಾಖಾನೆಗೆ ಒಯ್ದಳು.

ದವಾಖಾನೆಯ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ಮೇಲೆ ಕೂತು ಕಾಲು ಚಾಚಿದ್ದೆ, ಹಾಯುವವರ ಒಂದೊಂದು ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು. ಎದುರಿಗೆ ಕೂತಿದ್ದ ಹೆಣ್ಣುಮಗಳೊಬ್ಬಳು ಸುಮ್ಮನೆ ನೋಡಿದಳು. ತನ್ನ ರೊಟ್ಟಿಗಂಟನ್ನು ನನ್ನ ಪಾದದ ಒಂದು ಬದಿಗೂ ನೀರಿನ ಚೊಂಬನ್ನು ಇನ್ನೊಂದು ಬದಿಗೂ ಇಟ್ಟು ಬೇಲಿ ಮಾಡಿದಳು. ನನಗೆ ಅಲ್ಲಿ ಸಿಕ್ಕ ಮೊದಲ ಔಷಧ ಅದು.

ಡಾಕ್ಟರು ಬಳ್ಳಾರಿ ಕಡೆಯವರು, ಹೊಸದಾಗಿ ಬಂದಿದ್ದರು. ಪಾದವನ್ನು ದೂರದಿಂದಲೇ ನೋಡಿ, ಮುಟ್ಟದೆ, ನನ್ನ ಮುಖದ ಕಡೆ ಬಂದರು. ಆಮೇಲೆ ನನ್ನ ಬಲಗಿವಿ ಹಿಡಿದು ಬೆಳಕಿಗೆ ತಿರುಗಿಸಿದರು. ಕಾಲು ತೋರಿಸಲು ಬಂದವನ ಕಿವಿ ಯಾಕೆ ನೋಡುತ್ತಾರೆ ಎಂದು ಭೀಮಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇಲ್ಲೊಂದು ಗಂಟು ಐತಲ್ಲ, ಯಾವಾಗಿಂದ?"

"ಅದು ಪೆನ್ಸಿಲ್ ಸಿಗಿಸಿ ಸಿಗಿಸಿ ಆಗ್ಯಾದ್ರಿ," ಎಂದೆ. ದರ್ಜಿಗಳೆಲ್ಲ ಪೆನ್ಸಿಲ್ ಇಡುವುದು ಅಲ್ಲೇ.

ಅವರು ಸೂಜಿಯಿಂದ ಆ ಗಂಟನ್ನು ಚುಚ್ಚಿ ಒತ್ತಿದರು. ರಕ್ತ ಬರಲಿಲ್ಲ. ಬೆಳ್ಳಗೆ ಪುಡಿಯಂಥದ್ದು ಬಂತು, ಅದನ್ನು ಬೆರಳ ತುದಿಯಲ್ಲಿ ತೆಗೆದು ನನಗೆ ತೋರಿಸಿದರು. ನಾನು ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದ ಪುಡಿಯಂತೆಯೇ ಇತ್ತು. ನನ್ನ ಮೈಯೊಳಗಿಂದ ಬಂದದ್ದು ಅದು ಎಂದು ನಂಬಲಾಗದೆ ಕಿವಿ ಮುಟ್ಟಿ ನೋಡಿಕೊಂಡೆ.

"ಇದೇ ನಿಮ್ಮ ಬೆರಳಿನ ಕೀಲಿನಾಗೂ ಕುಂತೈತಿ. ಗೌಟ್ ಅಂತೀವಿ. ಕಾಲು ಕಡಿಯೂದು ಏನೂ ಬ್ಯಾಡ," ಎಂದರು. ಆಮೇಲೆ ಕೇಳಿದರು, "ಈ ವರ್ಷಕ್ಕಿಂತ ಮೊದಲು ಹಿಂಗ ಆಗಿತ್ತಾ? ನೆನಪು ಮಾಡಿಕೊಳ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ, ಆಗ ನೆನಪಾಯಿತು. ಕಮಲಾಪುರದಲ್ಲಿ ತಮ್ಮನ ಮದುವೆ. ಮದುವೆಯ ಮರುದಿನ ಕುರಿ ಕಡಿದು ಮಾಡಿದ ಊಟ. ಅದರ ಮರುದಿನ ಇದೇ ಬೆರಳು ಊದಿತ್ತು. ಹಂದರದ ಗೂಟ ಎಡವಿದ್ದಾನೆ ಎಂದು ಅವ್ವ ಅರಿಶಿನ ಸುಣ್ಣ ಹಚ್ಚಿದ್ದಳು. ಅದಕ್ಕೂ ಮುಂಚೆ ಒಂದು ಸಲ ಹಬ್ಬದ ಮೇಲೆ ಆಗಿತ್ತು. ಆಗ ಇಸ್ಮಾಯಿಲ ಇನ್ನೂ ಸಾಲಿಗೆ ಹೋಗುವ ಹುಡುಗ, ನನ್ನ ಅಂಗಡಿಯ ಮುಂದೆ ಗೋಲಿ ಆಡುತ್ತಿದ್ದ. ಶೇರವಾನಿಯ ಬಟ್ಟೆ ಯಾವ ಗಿರಣಿಯಲ್ಲೂ ನೇಯ್ದಿರಲಿಲ್ಲ.

"ಸಿಂದಿ, ಹೆಂಡ ಕುಡೀತೀರಾ?"

"ಇಲ್ರಿ."

"ಮಾಂಸ ಭಾಳ ತಿಂತೀರಾ?"

"ಇಲ್ರಿ ಸಾಹೇಬ್ರ. ಹಬ್ಬಕ್ಕ ಅಷ್ಟ. ಕಾಲಿಗಿ ಔಷಧ ಅಂತ ಪಾಯಾ ಕುಡೀತೀನ್ರಿ."

"ಎಷ್ಟು?"

"ತಪೇಲಿ ತುಂಬರಿ."

ಡಾಕ್ಟರು ತಲೆಯ ಮೇಲೆ ಕೈ ಇಟ್ಟು ನಕ್ಕರು. ರೋಗ ನಿಮ್ಮ ರಕ್ತದಲ್ಲೇ ಇದೆ, ಆ ಸಾರು ಅದನ್ನು ಹುಟ್ಟಿಸಿದ್ದಲ್ಲ, ಆದರೆ ಪ್ರತಿ ಸಲವೂ ಕರೆದು ಕೂರಿಸುತ್ತಿದೆ ಎಂದು ಬಿಡಿಸಿ ಹೇಳಿದರು. ಅದನ್ನು ಬಿಡಬೇಕು, ನೀರು ಚೆನ್ನಾಗಿ ಕುಡಿಯಬೇಕು. ಸಣ್ಣ ಗುಳಿಗೆ ಕೊಟ್ಟರು. ಆ ಗುಳಿಗೆ ಹೊಟ್ಟೆಯನ್ನು ಹಿಂಡಿ ಹಿಪ್ಪೆ ಮಾಡಿತು, ಚೊಂಬು ಹಿಡಿದು ಕುಂಟುತ್ತಲೇ ಓಡಾಡಿದೆ, ಆದರೆ ಬೆರಳನ್ನು ಹಿಡಿದಿದ್ದ ಕೈ ಬಿಟ್ಟಿತು. ಎಷ್ಟೋ ತಿಂಗಳ ಮೇಲೆ ಚಾದರ ಹೊದ್ದು ಮಲಗಿದೆ. ಭೀಮಬಾಯಿ ಚಾದರದ ಮೇಲಿಂದ ನನ್ನ ಬೆರಳು ಹಿಡಿದು ನೋಡಿದಳು, ನಾನು ಚೀರಲಿಲ್ಲ, ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಖಾಲಾರಿಗೆ ಹೇಗೆ ಹೇಳುವುದು ಎನ್ನುವುದೇ ನನ್ನ ಚಿಂತೆಯಾಗಿತ್ತು. ಪ್ರೀತಿಯಿಂದ ಕಳಿಸಿದ ಸಾರೇ ಕಾಲು ಕೆಡಿಸಿತು ಎಂದರೆ ಎಷ್ಟು ನೊಂದುಕೊಳ್ಳುತ್ತಾರೋ. ಮಾತುಗಳನ್ನು ಜೋಡಿಸಿಕೊಂಡು ಹೋದೆ. ತಮ್ಮನ ಮದುವೆಯಿಂದ ಶುರು ಮಾಡಿ, ಇದು ಹಳೆಯ ರೋಗ, ರಕ್ತದಲ್ಲೇ ಇತ್ತು, ನಿಮ್ಮ ತಪ್ಪೇನೂ ಇಲ್ಲ ಎಂದು ಹೇಳಿದೆ. ಸಾರಿನ ಮಾತು ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

"ಅವ ಸಾಲಿಗಿ ಹೋಗ್ತಿದ್ದಾಗಿಂದ ಇತ್ತು ಅಂತೀ?"

"ಹೌದ್ರಿ ಖಾಲಾ."

"ಹಂಗಾದ್ರ ನಿನ್ನ ಕಾಲ ಹಿಡದವ ಅವ ಅಲ್ಲ."

ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ.

"ಓಣ್ಯಾಗ ಎಲ್ಲಾರೂ ಅಂತಿದ್ರು," ಎಂದರು ಖಾಲಾ. "ನನಗ ಕೇಳಸ್ತಿರ್ಲಿಲ್ಲೇನು? ಇಸ್ಮಾಯಿಲ ದರ್ಜೀ ಕಾಲ ಹಿಡದಾನ ಅಂತಿದ್ರು. ನಾ ಬಾಯಿಲೆ ಬರ್ತಾನ ಬರ್ತಾನ ಅಂತಿದ್ದೆ. ಒಳಗ ತಾಯಿಗಿ ಗೊತ್ತಾಗೂದಿಲ್ಲೇನು ಬೇಟಾ? ಆದ್ರ ನಿನ್ನ ಕಾಲ ಊದಿದಾಗೆಲ್ಲಾ ಅನಸ್ತಿತ್ತು, ಎಲ್ಲೋ ಹಾದ್ಯಾಗ, ಎಲ್ಲೋ ಬಾವ್ಯಾಗ ಬಿದ್ದಿಲ್ಲ ಅವ. ಇಲ್ಲೇ ಬಂದಾನ, ಮೋಮಿನಪುರದಾಗ, ನಿನ್ನ ಅಂಗಡ್ಯಾಗ. ಅದಕ್ಕೇ ನಿನ್ನ ಕಾಲಿನ ಮ್ಯಾಲ ಕೈ ಹಿಡದು ಅವನ ಜೋಡಿ ಮಾತಾಡ್ತಿದ್ದೆ. ಛೋಡ್ ರೇ ಬೇಟಾ, ದರ್ಜೀ ಕಾ ಪಾಂವ್ ಛೋಡ್, ಅಂತ."

ಬಿಡು ಮಗನೇ, ದರ್ಜಿಯ ಕಾಲು ಬಿಡು: ನನಗೆ ದುವಾ ಎಂದು ಕೇಳಿಸಿದ್ದು ಅದು.

"ಈಗ ಡಾಕ್ಟರು ಅವ ಇಲ್ಲಿಲ್ಲ ಅಂದ್ರು," ಎಂದು ಖಾಲಾ ಎದ್ದು ಒಳಗೆ ಹೋದರು. ಅಳಲಿಲ್ಲ. ಪಾಯಾ ಮಾಡುವ ತಪೇಲಿಯನ್ನು ಬೋರಲು ಹಾಕಿದ ಸಪ್ಪಳ ಕೇಳಿಸಿತು.

ಶೇರವಾನಿ ಸರಾಗವಾಗಿ ಮುಗಿಯಿತು. ತೋಳು ಕೂತಿತು, ಕೊರಳು ಕೂತಿತು, ಗುಂಡಿ ಹಚ್ಚಿದೆ. ಯಾರೂ ಹಿಡಿಯಲಿಲ್ಲ. ಗೋಡೆಯ ಮೇಲೆ ಅದು ಬರೀ ಬಟ್ಟೆಯಾಗಿ ತೂಗುತ್ತಿತ್ತು. ಅದರಲ್ಲಿ ಯಾರೂ ನಿಂತಿರಲಿಲ್ಲ. ಅದನ್ನು ನೋಡಿದರೆ ಮೊದಲು ಅಂಜಿಕೆಯಾಗುತ್ತಿತ್ತು, ಈಗ ಅದಕ್ಕಿಂತ ಕೆಟ್ಟದ್ದೇನೋ ಆಗುತ್ತಿತ್ತು. ಒಯ್ಯಿರಿ ಎಂದು ಹೇಳಿಕಳಿಸಿದರೂ ಖಾಲಾ ಬರಲಿಲ್ಲ. ರೋಜಾ ಓಣಿಯ ದರ್ಗಾಕ್ಕೂ ಹೋಗುತ್ತಿಲ್ಲ, ಮನೆಯಿಂದ ಹೊರಗೇ ಬೀಳುತ್ತಿಲ್ಲ ಎಂದು ಭೀಮಬಾಯಿ ಸುದ್ದಿ ತಂದಳು.

ಬೆಂಚಿನ ಮೇಲೆ ಸಿಕ್ಕ ಆ ಅಣ್ಣನಿಗೆ ಹೇಳಬೇಕಾದದ್ದು ಇಷ್ಟು. ನೀವು ಏನನ್ನೂ ತುಳಿದಿಲ್ಲ, ನಿಮ್ಮನ್ನು ಯಾರೂ ಹಿಡಿದಿಲ್ಲ. ಡಾಕ್ಟರು ಕೇಳಿದಾಗ ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಹೇಳಿ, ಔಷಧವೆಂದು ತಿಂದದ್ದನ್ನೂ ಹೇಳಿ. ನಾನು ಇದರ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಮಷಿನ್ ತುಳಿದಿದ್ದೇನೆ. ಹೆದರಬೇಡಿ. ಇದಾದ ಮೇಲೆ ನಾನು ಒಂದೇ ಒಂದು ಸಲ ಡಾಕ್ಟರರ ಮಾತಿಗೆ ವಿರುದ್ಧವಾಗಿ ನಡೆದದ್ದು. ಅದನ್ನೂ ಹೇಳಿ ಮುಗಿಸುತ್ತೇನೆ.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಖಾಲಾ ಅಂಗಡಿಯ ಮುಂದೆ ಬಂದು ನಿಂತರು. ಬಹಳ ಇಳಿದುಹೋಗಿದ್ದರು. ಕೈಯಲ್ಲಿ ಹರಿದ ಕುರ್ತಾ ಇತ್ತು, ಆದರೆ ಅದನ್ನು ಕೊಡಲಿಲ್ಲ. ಗೋಡೆಯ ಕಡೆಯೂ ನೋಡಲಿಲ್ಲ. ಮಷಿನ್ನಿನ ಕೆಳಗೆ, ನನ್ನ ಕಾಲಿನ ಕಡೆ ನೋಡುತ್ತಿದ್ದರು.

"ಕಾಲು ಹ್ಯಾಂಗದ ಬೇಟಾ? ಆರಾಮಾತು?"

ಹೌದು ಎಂದರೆ ಅವರು ತಿರುಗಿ ಹೋಗುತ್ತಿದ್ದರು. ನಾನು ಕತ್ತರಿ ಕೆಳಗಿಟ್ಟೆ. ಎದ್ದೆ. ಬಲಗಾಲನ್ನು ಎಳೆಯುತ್ತ, ಗೋಡೆ ಹಿಡಿಯುತ್ತ ಬಾಗಿಲವರೆಗೆ ಬಂದು ಕಟ್ಟೆಯ ಮೇಲೆ ಕೂತೆ. ಭೀಮಬಾಯಿ ಒಳಗಿನಿಂದ ನೋಡಿ ಬಾಯಿ ತೆರೆದವಳು, ನನ್ನ ಮುಖ ನೋಡಿ ಮುಚ್ಚಿದಳು.

"ಎಲ್ಲಿ ಆರಾಮರಿ ಖಾಲಾ," ಎಂದೆ. "ನಿಮ್ಮ ಪಾಯಾ ಬಿಟ್ಟೆ, ಗುಳಿಗಿ ತಗೊಂಡೆ. ಆದ್ರೂ ನಸಿಕಿನ್ಯಾಗ ಮತ್ತ ಹಿಡದಾನ."

ಅವರ ಮುಖಕ್ಕೆ ಕಳೆ ಬಂತು. "ಜಿದ್ದಿ ಇದ್ದಾನ," ಎಂದರು. "ಸಣ್ಣಾವಿದ್ದಾಗಿಂದ ಜಿದ್ದಿ." ಮೆಲ್ಲಗೆ ಕೂತು ಕೈ ಚಾಚಿದರು. ತೋಳಲ್ಲಿ ಮೊದಲಿನ ಬಲ ಇರಲಿಲ್ಲ. ಮೊದಲಿನ ಹಾಗೆ ತಾಗದಂತೆ ಹಿಡಿಯಲಾಗದೆ, ಅಂಗೈ ಬೆರಳಿನ ಮೇಲೆ ಪೂರ್ತಿ ಊರಿತು.

ನೋವಿರಲಿಲ್ಲ. ಆದರೂ ಅಯ್ಯೋ ಎಂದು ಚೀರಿದೆ.